ಕ್ಯಾಮೆರಾ ಬಂದ ವರ್ಷ: ಒಂದು ಸರ್ಕಾರಿ ಪ್ರೌಢಶಾಲೆಯಿಂದ ಕಂಡ ಎಸ್‌ಎಸ್‌ಎಲ್‌ಸಿ 2024

2024ರ ಮಾರ್ಚ್‌ನಲ್ಲಿ, ಪರೀಕ್ಷೆಗೆ ಕೆಲವೇ ದಿನ ಇರುವಾಗ, ನಮ್ಮ ಶಾಲೆಗೆ ಕ್ಯಾಮೆರಾ ಜೋಡಿಸುವ ಇಬ್ಬರು ಹುಡುಗರು ಬಂದರು. ಏಣಿ ತಂದಿರಲಿಲ್ಲ. ಬೆಂಚಿನ ಮೇಲೆ ಬೆಂಚು ಇಟ್ಟು ಹತ್ತಿ, ಪ್ರತಿ ಕೊಠಡಿಯ ಮೂಲೆಯಲ್ಲಿ, ಸೂರಿನಿಂದ ಒಂದು ಗೇಣು ಕೆಳಗೆ ಕ್ಯಾಮೆರಾ ಕೂರಿಸಿದರು. ಒಂದು ಕೊಠಡಿಯಲ್ಲಿ ಎರಡು ವರ್ಷದಿಂದ ಫ್ಯಾನು ತಿರುಗಿರಲಿಲ್ಲ. ಕ್ಯಾಮೆರಾಕ್ಕೆಂದು ಹೊಸದಾಗಿ ಎಳೆದ ವೈರಿನಿಂದ ಅದಕ್ಕೂ ಕರೆಂಟು ಸಿಕ್ಕಿ, ಧೂಳು ಉದುರಿಸುತ್ತ ತಿರುಗತೊಡಗಿತು. ಆ ಸಲದ ಪರೀಕ್ಷೆಯಿಂದ ನಮ್ಮ ಶಾಲೆಗೆ ಕಣ್ಣಿಗೆ ಕಾಣುವಂತೆ ಆದ ಲಾಭ ಅದೊಂದೇ ಎಂದು ಸಹೋದ್ಯೋಗಿಗಳು ಈಗಲೂ ನಗುತ್ತಾರೆ.

ನಾನು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕ. ಶಾಲೆಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಓದುವವರು ಆ ಊರನ್ನು ಹಳಿದು ಸುಮ್ಮನಾಗುತ್ತಾರೆ. ಹೇಳಬೇಕಾದದ್ದು ಒಂದು ಊರಿನ ಮಾತಲ್ಲ. ಆ ವರ್ಷದ ಫಲಿತಾಂಶವನ್ನು ಎಲ್ಲರೂ ಹತ್ತನೆಯ ತರಗತಿಯ ಕಾಯಿಲೆ ಎಂದುಕೊಂಡರು. ಹತ್ತನೆಯ ತರಗತಿಗೆ ಪಾಠ ಮಾಡುವ ನಮಗೆ ಅದು ಬಹಳ ಹಿಂದಿನಿಂದ ಬಂದ ಸಾಲ ಎಂದು ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಏಕೆಂದರೆ ಅಲ್ಲಿಯವರೆಗೆ ಆ ಸಾಲವನ್ನು ಮುಚ್ಚಿಟ್ಟವರೂ ನಾವೇ.

ಮೊದಲು ಅಂಕಿಗಳು

ಆ ವರ್ಷದ ಪರೀಕ್ಷೆ ಮಾರ್ಚ್ 25ರಂದು ಶುರುವಾಗಿ ಏಪ್ರಿಲ್ 6ಕ್ಕೆ ಮುಗಿಯಿತು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮೊದಲ ಸಲ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ತಂದಿತ್ತು. ಕೊಠಡಿಯಲ್ಲಿ ನಡೆಯುವುದು ಜಿಲ್ಲಾ ಕೇಂದ್ರದಲ್ಲಿ ಕುಳಿತವರಿಗೆ ಪರದೆಯ ಮೇಲೆ ನೇರವಾಗಿ ಕಾಣುತ್ತಿತ್ತು. ಮೇ 9ಕ್ಕೆ ಫಲಿತಾಂಶ ಬಂತು. ಪರೀಕ್ಷೆ ಬರೆದ 8,59,967 ಮಕ್ಕಳಲ್ಲಿ 6,31,204 ಮಂದಿ ಪಾಸು, ಶೇ 73.40. ಹಿಂದಿನ ವರ್ಷ ಅದು ಶೇ 83.89 ಇತ್ತು. ಹತ್ತು ಅಂಶದ ಕುಸಿತ ಎಂದು ಎಲ್ಲ ಪತ್ರಿಕೆಗಳೂ ಬರೆದವು.

ನಿಜವಾದ ಕುಸಿತ ಅದರ ಇಮ್ಮಡಿ ಮತ್ತು ಅದಕ್ಕಿಂತಲೂ ಹೆಚ್ಚು. ಮೌಲ್ಯಮಾಪನ ಮುಗಿದಾಗ ಅಂಕಿ ನೋಡಿ ಗಾಬರಿಯಾದ ಮಂಡಳಿ ಕೃಪಾಂಕವನ್ನು, ಅಂದರೆ ಗ್ರೇಸ್ ಅಂಕವನ್ನು, ಶೇ 10ರಿಂದ ಶೇ 20ಕ್ಕೆ ಏರಿಸಿತು. ಕೃಪಾಂಕ ಪಡೆಯಲು ಬೇಕಾದ ಕನಿಷ್ಠ ಅರ್ಹತೆಯನ್ನೂ ಶೇ 35ರಿಂದ ಶೇ 25ಕ್ಕೆ ಇಳಿಸಿತು. ಸುಮಾರು 1.70 ಲಕ್ಷ ಮಕ್ಕಳು ದಡ ಸೇರಿದ್ದು ಈ ದೋಣಿಯಲ್ಲಿ. ಅವರನ್ನು ಕಳೆದು ನೋಡಿದರೆ ಪಾಸಾದವರು ನೂರಕ್ಕೆ 53–54 ಜನ ಮಾತ್ರ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಈ ಕೃಪಾಂಕದ ಬಗ್ಗೆ ಅಧಿಕಾರಿಗಳ ಸಭೆಯಲ್ಲಿಯೇ ಅಸಮಾಧಾನ ತೋರಿಸಿದರು. ಮುಂದಿನ ವರ್ಷದಿಂದ ಅದು ಬೇಡವೆಂದಾಯಿತು.

ಇಷ್ಟಾದರೂ ಒಟ್ಟು ಶೇಕಡಾವಾರು ಹೇಳುವುದು ಕಡಿಮೆ. ಜಿಲ್ಲೆಗಳ ಪಟ್ಟಿ ನೋಡಬೇಕು. 2023ರಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲು, ಮಂಡ್ಯ ಎರಡನೆಯದು, ಎರಡೂ ಕಡೆ ಶೇ 96ರ ಮೇಲೆ. ಕ್ಯಾಮೆರಾ ಬಂದ ವರ್ಷ ಚಿತ್ರದುರ್ಗ 21ನೆಯ ಸ್ಥಾನಕ್ಕೂ ಮಂಡ್ಯ 19ಕ್ಕೂ ಇಳಿದವು. 2023ರಲ್ಲಿ 18 ಮತ್ತು 19ನೆಯ ಸ್ಥಾನದಲ್ಲಿದ್ದ ಉಡುಪಿ, ದಕ್ಷಿಣ ಕನ್ನಡ ಒಂದು ಮತ್ತು ಎರಡಕ್ಕೆ ಏರಿದವು. ಒಂದೇ ವರ್ಷದಲ್ಲಿ ಕರಾವಳಿಯ ಮೇಷ್ಟ್ರುಗಳು ಹದಿನೇಳು ಮೆಟ್ಟಿಲು ಹತ್ತುವಷ್ಟು ಪಾಠ ಮಾಡಿದರೇ? ಚಿತ್ರದುರ್ಗದವರು ಇಪ್ಪತ್ತು ಮೆಟ್ಟಿಲು ಉರುಳುವಷ್ಟು ನಿದ್ದೆ ಮಾಡಿದರೇ? ಎರಡೂ ಇಲ್ಲ. ಕರಾವಳಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು, ಸುತ್ತಲಿನ ನೀರು ಇಳಿಯಿತು.

ಕೊನೆಯ ಸ್ಥಾನ ಮಾತ್ರ ಬದಲಾಗಲಿಲ್ಲ. ಯಾದಗಿರಿ 2023ರಲ್ಲೂ ಕೊನೆ, 2024ರಲ್ಲೂ ಕೊನೆ. ಶೇ 75.49 ಇದ್ದದ್ದು ಶೇ 50.59 ಆಯಿತು. ಅದೂ ಕೃಪಾಂಕ ಸೇರಿಸಿ.

28 ಅಂಕದ ಲೆಕ್ಕ

ಹಿಂದೆ ಏನು ನಡೆಯುತ್ತಿತ್ತು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ನಾನು ಗಣಿತದವನಾದ್ದರಿಂದ ಗಣಿತದ ಪ್ರಶ್ನೆಪತ್ರಿಕೆಯ ಲೆಕ್ಕವನ್ನೇ ಕೊಡುತ್ತೇನೆ. ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ 20. ಆಂತರಿಕ ಅಂಕವನ್ನು ಶಾಲೆಯೇ ಕೊಡುವುದರಿಂದ 18ಕ್ಕೆ ಕಡಿಮೆ ಬರುವ ಮಗು ಅಪರೂಪ. ಹಾಗಾಗಿ ದಾಟಬೇಕಾದ ನಿಜವಾದ ಹೊಳೆ ಇದ್ದದ್ದು ಲಿಖಿತದಲ್ಲಿ, ಆಗ ಪಾಸಾಗಲು 80ಕ್ಕೆ 28 ಬೇಕಿತ್ತು. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಎಂಟು ಬಹುಆಯ್ಕೆ ಪ್ರಶ್ನೆಗಳು, ಒಂದು ಅಂಕದ ಇನ್ನೂ ಎಂಟು. ಸೇರಿದರೆ 16 ಅಂಕ. ಅಂದರೆ ಹೊಳೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹದಿನಾರು ಪಿಸುಮಾತುಗಳಲ್ಲಿ ದಾಟಿಸಬಹುದು. ‘ಒಂದನೆಯದು ಬಿ, ಎರಡನೆಯದು ಡಿ’ ಎಂದು ಕೊಠಡಿಯಲ್ಲಿ ಯಾರೋ ಒಬ್ಬರು ಕೆಮ್ಮುವ ಹಾಗೆ ಹೇಳಿದರೆ ಸಾಕು, ಹತ್ತು ನಿಮಿಷದ ಕೆಲಸ. ಉಳಿದ 12 ಅಂಕಕ್ಕೆ ಒಂದು ನಕ್ಷೆ, ಒಂದು ಪ್ರಮೇಯ, ಸರಾಸರಿಯ ಒಂದು ಲೆಕ್ಕ.

ಇದಕ್ಕೆ ನಮ್ಮ ಕಡೆ ‘ಸಹಕಾರ’ ಎಂದು ಹೆಸರು. ‘ಆ ಕೇಂದ್ರದಲ್ಲಿ ಸಹಕಾರ ಹೇಗಿದೆ?’ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದೆವು. ಎಲ್ಲ ಕಡೆಯೂ ಇತ್ತೆಂದು ನಾನು ಹೇಳುವುದಿಲ್ಲ. ಇದ್ದ ಕಡೆ ದುಡ್ಡಿಗಾಗಿ ಇತ್ತೆಂದೂ ಹೇಳುವುದಿಲ್ಲ. ನಾನು ಕಂಡಷ್ಟರಲ್ಲಿ ಅದು ಕನಿಕರ ಮತ್ತು ಭಯ ಸೇರಿದ ಒಂದು ಪದ್ಧತಿ. ಮಗುವಿನ ಮೇಲೆ ಕನಿಕರ, ಫಲಿತಾಂಶ ಕಡಿಮೆಯಾದರೆ ಬರುವ ನೋಟಿಸಿನ ಭಯ. ನಾನೂ ಒಂದು ವರ್ಷ ಕೊಠಡಿಯ ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತು ಹೊರಗಿನ ಬೇವಿನ ಮರ ನೋಡಿದ್ದೇನೆ. ಬೇಕಾದಷ್ಟು ಹೊತ್ತು ನೋಡಿದ್ದೇನೆ.

2024ರಲ್ಲಿ ನಾನು ಬೇರೆ ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಕ. ಸಮಾಜ ವಿಜ್ಞಾನದ ದಿನ ಮೂರನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗ ಭಾರತದ ನಕ್ಷೆಯನ್ನು ಮೊದಲೇ ಮುಗಿಸಿದ. ಗುರುತಿಸಿದ್ದು ತಪ್ಪೋ ಸರಿಯೋ, ಬಣ್ಣದ ಪೆನ್ಸಿಲಿನಿಂದ ಅಚ್ಚುಕಟ್ಟಾಗಿ ಗುರುತಿಸಿದ್ದ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕುಳಿತ. ನನ್ನ ಕಡೆ ನೋಡಿದ, ಮೂಲೆಯ ಕ್ಯಾಮೆರಾದ ಕಡೆ ನೋಡಿದ, ಮತ್ತೆ ನನ್ನ ಕಡೆ ನೋಡಿದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಗೊಂದಲ ಇತ್ತು. ‘ಇನ್ನೂ ಯಾರೂ ಏನೂ ಹೇಳುತ್ತಿಲ್ಲವಲ್ಲ’ ಎಂಬ ಗೊಂದಲ. ನಾನು ಕ್ಯಾಮೆರಾಕ್ಕೆ ಕಾಣುವ ಹಾಗೆ ಕೈಕಟ್ಟಿ ನಿಂತೆ.

ಈ ಮಕ್ಕಳು ಯಾರು?

2024ರಲ್ಲಿ ಪರೀಕ್ಷೆ ಬರೆದವರ ಜಾತಕ ಬರೆದರೆ ಹೀಗಿರುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅವರು ಆರನೆಯ ತರಗತಿ. ಏಳನೆಯ ತರಗತಿಯ ಇಡೀ ವರ್ಷ, 2020–21, ಶಾಲೆ ಇದ್ದೂ ಇಲ್ಲದಂತೆ. ಗುಡಿ, ಮರದ ಕಟ್ಟೆಗಳಲ್ಲಿ ಪಾಠ ನಡೆಸಿದ ‘ವಿದ್ಯಾಗಮ’ ಕಾರ್ಯಕ್ರಮವೂ ಅಕ್ಟೋಬರ್‌ನಲ್ಲಿ ನಿಂತು ಮತ್ತೆ ಜನವರಿಯಲ್ಲಿ ಶುರುವಾಯಿತು. ಪ್ರೌಢಶಾಲೆಯ ಮೊದಲ ವರ್ಷವಾದ ಎಂಟನೆಯ ತರಗತಿಗೆ ಅವರು ನಮ್ಮ ಹೊಸ್ತಿಲು ತುಳಿದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಅವರಿಗಿಂತ ಮೂರು ವರ್ಷ ಮುಂದಿದ್ದವರ ಎಸ್‌ಎಸ್‌ಎಲ್‌ಸಿಯನ್ನು ಎರಡೇ ದಿನದ ಬಹುಆಯ್ಕೆ ಪರೀಕ್ಷೆಯಲ್ಲಿ ಮುಗಿಸಿ ಶೇ 99.99 ಫಲಿತಾಂಶ ಕೊಟ್ಟಿದ್ದರು. ಇಡೀ ರಾಜ್ಯದಲ್ಲಿ ಫೇಲಾದದ್ದು ಒಂದೇ ಒಂದು ನೋಂದಣಿ ಸಂಖ್ಯೆ. ಅಣ್ಣಂದಿರು, ಅಕ್ಕಂದಿರು ಹಾಗೆ ಪಾಸಾದದ್ದನ್ನು ನಮ್ಮ ಎಂಟನೆಯವರು ಕಣ್ಣಾರೆ ಕಂಡಿದ್ದರು. ಒಂಬತ್ತನೆಯಲ್ಲಿ, ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ‘ಕಲಿಕಾ ಚೇತರಿಕೆ’ ಎಂಬ ವರ್ಷ. ಹಾಳೆಗಳು ಚೆನ್ನಾಗಿಯೇ ಇದ್ದವು. ಆದರೆ ಚೇತರಿಸಿಕೊಳ್ಳಲು ಮೊದಲು ಆರೋಗ್ಯವಾಗಿದ್ದಿರಬೇಕು. ಹತ್ತನೆಯಲ್ಲಿ ಕ್ಯಾಮೆರಾ.

ಕೋವಿಡ್‌ನ ತಲೆಗೇ ಎಲ್ಲವನ್ನೂ ಕಟ್ಟುವುದೂ ಸರಿಯಲ್ಲ. ಗ್ರಾಮೀಣ ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲ ಎಂಟನೆಯ ತರಗತಿಯವರು ದೇಶದಲ್ಲಿ 2018ರಲ್ಲಿ ಶೇ 44.1, 2022ರಲ್ಲಿ ಶೇ 44.7, 2024ರಲ್ಲಿ ಶೇ 45.8. ಲಾಕ್‌ಡೌನ್‌ಗೆ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಎಂಟನೆಯವರೆಗೆ ಯಾರನ್ನೂ ಹಿಂದೆ ಉಳಿಸುವ ಹಾಗಿಲ್ಲ ಎಂಬ 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮವನ್ನು ಕೆಲವರು ಇದಕ್ಕೆ ಕಾರಣ ಮಾಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಫೇಲು ಮಾಡಿದ್ದರೆ ಭಾಗಾಕಾರ ಬರುತ್ತಿರಲಿಲ್ಲ, ಶಾಲೆ ಬಿಡುತ್ತಿದ್ದರು ಅಷ್ಟೇ. ಮಗುವನ್ನು ಮುಂದೆ ಕಳಿಸುವಾಗ ‘ಇವನಿಗೆ ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ’ ಎಂಬ ಒಂದು ಚೀಟಿಯನ್ನೂ ಜೊತೆಗೆ ಕಳಿಸದೇ ಹೋದದ್ದು ತಪ್ಪು. ವರ್ಗಾವಣೆ ಪತ್ರದಲ್ಲಿ ಜನ್ಮದಿನಾಂಕ ಇರುತ್ತದೆ, ಜಾತಿ ಇರುತ್ತದೆ, ಮೈಮೇಲಿನ ಮಚ್ಚೆ ಸಹ ಇರುತ್ತದೆ. ಓದಲು ಬರುತ್ತದೆಯೇ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಆ ತಂಡಕ್ಕೆ ಎಂಟನೆಯ ತರಗತಿಯಲ್ಲಿ, ಹಿಂದಿನ ತರಗತಿಗಳದ್ದು ಎಷ್ಟು ಬರುತ್ತದೆ ಎಂದು ನೋಡುವ ಸೇತುಬಂಧ ಪರೀಕ್ಷೆ ಮಾಡಿದಾಗ ಕರಿಹಲಗೆಯ ಮೇಲೆ 816ನ್ನು 8ರಿಂದ ಭಾಗಿಸಿ ಎಂದು ಬರೆದೆ. ಒಬ್ಬ ಹುಡುಗ ಎದ್ದು ಬಂದು ಸೀಮೆಸುಣ್ಣ ಹಿಡಿದ. ಎಂಟೊಂದಲೆ ಎಂಟು, ಮೇಲೆ ಒಂದು ಬರೆದ. ಕೆಳಗೆ 1 ಇಳಿಸಿದ. ‘ಒಂದರಲ್ಲಿ ಎಂಟು ಹೋಗುವುದಿಲ್ಲ ಸರ್’ ಎಂದ. 6 ಇಳಿಸಿ 16 ಮಾಡಿದ. ಎಂಟೆರಡಲೆ ಹದಿನಾರು. ಮೇಲೆ ಎರಡು ಬರೆದು ಸೀಮೆಸುಣ್ಣ ಇಟ್ಟ. ಭಾಗಲಬ್ಧ 12. ತರಗತಿಯಲ್ಲಿ ಬಹುಪಾಲು ಮಕ್ಕಳ ಹಾಳೆಯಲ್ಲಿಯೂ 12 ಇತ್ತು, ಉಳಿದವರ ಹಾಳೆ ಖಾಲಿ ಇತ್ತು.

‘ಎಂಟು ಜನ ಸೇರಿ ಹತ್ತಿ ಬಿಡಿಸಿ 816 ರೂಪಾಯಿ ತಂದರು. ಒಬ್ಬೊಬ್ಬರಿಗೆ 12 ರೂಪಾಯಿಯೇನು?’ ಎಂದು ಕೇಳಿದೆ.

ಹುಡುಗ ನಕ್ಕ. ‘ಇಲ್ಲ ಸರ್. ನೂರು ಬರುತ್ತದೆ, ಮೇಲೆ ಎರಡು ರೂಪಾಯಿ.’

ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂದಿತ್ತು. ಅವನಿಗೆ ಲೆಕ್ಕ ಬರುತ್ತದೆ. ತೂಕದ ಕಟ್ಟೆಯ ಮುಂದೆ ನಿಂತು ಕಿಲೋಗೆ ಇಷ್ಟರಂತೆ ತಾಯಿಯ ಕೂಲಿ, ತನ್ನ ಕೂಲಿ ಕೂಡಿಸಿ ಮುಂಗಡ ಕಳೆದು ಕೈಗೆ ಬರುವುದು ಎಷ್ಟೆಂದು ಹೇಳುವವನು ಅವನು. ಹತ್ತರ ಸ್ಥಾನದಲ್ಲಿ ಏನೂ ಇಲ್ಲದಿದ್ದಾಗ ಅಲ್ಲಿ ಒಂದು ಸೊನ್ನೆ ಕೂರಿಸಬೇಕು ಎಂಬುದು ಮಾತ್ರ ಬರುವುದಿಲ್ಲ. ಹಲಗೆಯ ಮೇಲಿನ 12ಕ್ಕೂ ತಾನು ಬಾಯಲ್ಲಿ ಹೇಳಿದ 102ಕ್ಕೂ ಸಂಬಂಧವಿದೆ ಎಂದೇ ಅವನಿಗೆ ಅನ್ನಿಸಿರಲಿಲ್ಲ. ಶಾಲೆಯ ಲೆಕ್ಕ ಬೇರೆ, ಲೆಕ್ಕ ಬೇರೆ.

ಇದನ್ನು ಸರಿಪಡಿಸಲು ಎರಡು ವಾರ ಸಾಕಿತ್ತು. ಆ ಎರಡು ವಾರ ನನ್ನ ಬಳಿ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆದಿದೆ, ಪಠ್ಯ ಮುಗಿಸಬೇಕು, ಆನ್‌ಲೈನಿನಲ್ಲಿ ಶೇಕಡಾವಾರು ತುಂಬಬೇಕು. ಸೇತುಬಂಧದ ಹಾಳೆಗಳನ್ನು ಕಟ್ಟಿ ಬೀರುವಿನ ಮೇಲೆ ಇಟ್ಟೆ. ಇದು ಯಾರ ತಪ್ಪು ಎಂದು ಹುಡುಕಿದರೆ ಮೊದಲು ನನ್ನ ಬೀರುವಿನ ಮೇಲೆಯೇ ಸಿಗುತ್ತದೆ.

ಪಾಸಿಂಗ್ ಪ್ಯಾಕೇಜ್

ಹತ್ತನೆಯ ತರಗತಿಯ ಡಿಸೆಂಬರ್ ಬಂತೆಂದರೆ ಪಾಠ ನಿಂತು ‘ಪಾಸಿಂಗ್ ಪ್ಯಾಕೇಜ್’ ಶುರು. ಇಷ್ಟು ಕಲಿತರೆ ಪಾಸು ಎಂದು ವಿಷಯವಾರು ಮಾಡಿಟ್ಟ ಒಂದು ಕಿರುಹೊತ್ತಿಗೆ ಅದು. ಗಣಿತದಲ್ಲಿ ಎರಡು ಸರಳರೇಖೆಗಳ ನಕ್ಷೆ, ಥೇಲ್ಸ್ ಪ್ರಮೇಯ, ಸಮಾಂತರ ಶ್ರೇಢಿ, ಸರಾಸರಿ ಮತ್ತು ಬಹುಲಕ. ವಿಜ್ಞಾನದಲ್ಲಿ ನಾಲ್ಕಾರು ಚಿತ್ರಗಳು. ಸಮಾಜದಲ್ಲಿ ನಕ್ಷೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ರಾತ್ರಿ ಶಿಕ್ಷಕರಿಂದ ಮನೆಗೆ ಫೋನು. ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಲು ಫೋನು ಮಾಡಿದ ವರ್ಷವೂ ಇದೆ.

ಪ್ಯಾಕೇಜನ್ನು ನಾನು ಹೀಗಳೆಯುವುದಿಲ್ಲ, ನಾನೇ ಒಂದನ್ನು ಬರೆದವನು. ಆದರೆ ಅದು ಏನು ಮಾಡುತ್ತದೆ ಎಂದು ನೋಡಿ. ಒಬ್ಬ ಹುಡುಗಿಗೆ ‘ಎ ಎನ್ ಈಕ್ವಲ್ಸ್ ಟು ಎ ಪ್ಲಸ್ ಎನ್ ಮೈನಸ್ ಒನ್ ಇಂಟು ಡಿ’ ಎಂಬ ಸೂತ್ರ ನಿದ್ದೆಯಲ್ಲೂ ಬರುತ್ತಿತ್ತು. 7, 3, –1 ಎಂದು ಸಾಗುವ ಶ್ರೇಢಿಯ 10ನೆಯ ಪದ ಕೇಳಿದೆ. ಸೂತ್ರ ಬರೆದಳು. 3ರಲ್ಲಿ 7 ಹೋಗುವುದಿಲ್ಲವಾದ್ದರಿಂದ 7ರಲ್ಲಿ 3 ಕಳೆದಳು, ವ್ಯತ್ಯಾಸ 4 ಎಂದಳು. ಉತ್ತರ 43. ಶ್ರೇಢಿ ಇಳಿಯುತ್ತಿದೆ, ಹತ್ತನೆಯ ಪದ ಮೊದಲನೆಯದಕ್ಕಿಂತ ದೊಡ್ಡದಾಗಲು ಹೇಗೆ ಸಾಧ್ಯ ಎಂದು ಅವಳಿಗೆ ಅನ್ನಿಸಲಿಲ್ಲ. ಬರಬೇಕಾದದ್ದು –29. ಮೌಲ್ಯಮಾಪನದಲ್ಲಿ ಸೂತ್ರಕ್ಕೆ ಅರ್ಧ ಅಂಕ ಸಿಗುತ್ತದೆ. ಪ್ಯಾಕೇಜು ಕಲಿಸುವುದು ಆ ಅರ್ಧ ಅಂಕವನ್ನು. ಪುಸ್ತಕದಲ್ಲಿ ‘ಎ ಬಿ ಸಿ’ ಎಂದಿದ್ದ ತ್ರಿಭುಜ ಪ್ರಶ್ನೆಪತ್ರಿಕೆಯಲ್ಲಿ ‘ಪಿ ಕ್ಯೂ ಆರ್’ ಆಗಿ ಬಂದರೆ ಬಾಯಿಪಾಠದ ಪ್ರಮೇಯ ಅಲ್ಲಿಯೇ ಕುಸಿದು ಬೀಳುತ್ತದೆ. ‘ಸಹಕಾರ’ ಇದ್ದ ವರ್ಷಗಳಲ್ಲಿ ಪ್ಯಾಕೇಜು ಮತ್ತು ಪಿಸುಮಾತು ಒಂದಕ್ಕೊಂದು ಆಸರೆಯಾಗಿದ್ದವು. ಕ್ಯಾಮೆರಾ ಬಂದು ಒಂದು ಕಾಲು ತೆಗೆದಾಗ ಇನ್ನೊಂದು ಕಾಲು ಎಷ್ಟು ಸಣ್ಣದೆಂದು ಕಂಡಿತು.

ಇದನ್ನೆಲ್ಲ ಕಲಿಸುವವರು ಯಾರು ಎಂಬ ಮಾತೂ ಇದೆ. ಕಲ್ಯಾಣ ಕರ್ನಾಟಕದಲ್ಲಿ ಅನೇಕ ಪ್ರೌಢಶಾಲೆಗಳು ನಡೆಯುವುದೇ ಅತಿಥಿ ಶಿಕ್ಷಕರಿಂದ. ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ ಸಿಗುತ್ತಿದ್ದದ್ದು 10,500 ರೂಪಾಯಿ. 2025ರ ಬಜೆಟ್‌ನಲ್ಲಿ 2,000 ಹೆಚ್ಚಾಯಿತು. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ನೇಮಕದ ಆದೇಶ, ಬೇಸಿಗೆ ರಜೆಗೆ ಮನೆಗೆ. ನಮ್ಮಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ತರುಣನೊಬ್ಬ ರಜೆಯಲ್ಲಿ ಕಲಬುರಗಿಯ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದ. ಅಲ್ಲಿ ಕೊಡುವುದು ಇಲ್ಲಿಗಿಂತ ಚೆನ್ನಾಗಿದೆ ಎಂದು ಒಂದು ಜೂನ್ ವಾಪಸು ಬರಲಿಲ್ಲ. ಅವನನ್ನು ದೂರಲು ಬಾಯಿ ಬರಲಿಲ್ಲ.

ಹಾಜರಿ ಪುಸ್ತಕವನ್ನು ನಮ್ಮ ಕಡೆ ಪಂಚಾಂಗದ ಹಾಗೆ ಓದಬಹುದು. ದೀಪಾವಳಿಯ ಆಸುಪಾಸಿನಿಂದ ಹತ್ತಿ ಬಿಡಿಸುವ ಕಾಲ, ಮಧ್ಯದ ಬೆಂಚು ಖಾಲಿ. ಡಿಸೆಂಬರ್, ಜನವರಿ ತೊಗರಿ ರಾಶಿ, ಹಿಂದಿನ ಬೆಂಚು ಖಾಲಿ. ಆಮೇಲೆ ಮೆಣಸಿನಕಾಯಿ. ಮಳೆ ಕೈಕೊಟ್ಟ ವರ್ಷ ಇಡೀ ಓಣಿಯೇ ಗುಳೆ ಹೋಗುತ್ತದೆ, ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ. 2023 ಬರಗಾಲದ ವರ್ಷವಾಗಿತ್ತು ಎಂಬುದನ್ನು 2024ರ ಫಲಿತಾಂಶ ವಿಶ್ಲೇಷಿಸಿದ ಯಾವ ಸಭೆಯಲ್ಲಿಯೂ ನಾನು ಕೇಳಲಿಲ್ಲ. ಆ ವರ್ಷ ಹುಡುಗಿಯರ ಪಾಸು ಶೇ 81.11, ಹುಡುಗರದು ಶೇ 65.90. ಹುಡುಗಿಯರು ಹೆಚ್ಚು ಓದುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಎಸ್‌ಎಸ್‌ಎಲ್‌ಸಿ ಫೇಲಾದರೆ ಮರು ತಿಂಗಳೇ ಗಂಡು ನೋಡುತ್ತಾರೆ ಎಂಬ ಹೆದರಿಕೆಯೂ ಓದಿಸುತ್ತದೆ. ಹದಿನೈದು ತುಂಬಿದ ಹುಡುಗ ಸೆಂಟ್ರಿಂಗ್ ಕೆಲಸಕ್ಕೆ ಹೋದರೆ ದೊಡ್ಡವರ ಕೂಲಿಯೇ ಸಿಗುತ್ತದೆ. ಅವನಿಗೆ ಪಾಸಾಗುವ ಅವಸರವಿಲ್ಲ.

ಆಮೇಲಿನ ಬೇಸಿಗೆ

ಫಲಿತಾಂಶ ಬಂದ ಮೇಲೆ ಆಗಬೇಕಾದದ್ದೆಲ್ಲ ಆಯಿತು. ಸಭೆ, ನೋಟಿಸು, ಸಮಜಾಯಿಷಿ. ಫೇಲಾದವರಿಗೆ ಬೇಸಿಗೆ ರಜೆಯಲ್ಲಿಯೇ ವಿಶೇಷ ತರಗತಿ ನಡೆಸಿ ಎಂಬ ಆದೇಶಕ್ಕೆ ಶಿಕ್ಷಕರ ಸಂಘದವರು ವಿರೋಧ ಹೂಡಿದರು. ಜೂನ್ ಮೊದಲ ವಾರ ಇದ್ದ ಪರೀಕ್ಷೆ-2 ಜೂನ್ 14ಕ್ಕೆ ಹೋಯಿತು. ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ ಒಂದು, ಎರಡು, ಮೂರು ಎಂದಾದದ್ದೂ ಅದೇ ವರ್ಷ. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ಒಳ್ಳೆಯ ಏರ್ಪಾಡು ಎಂದೇ ನನ್ನ ಅಭಿಪ್ರಾಯ.

ಆದರೂ ಪರೀಕ್ಷೆ-2ರಲ್ಲಿ ಪಾಸಾದವರು ಶೇ 31ರ ಹತ್ತಿರ. ಏಕೆ ಎಂಬುದಕ್ಕೆ ಕರಿಹಲಗೆಯ ಮುಂದೆ 12 ಬರೆದಿದ್ದ ಆ ಹುಡುಗನ ಕತೆಯೇ ಸಾಕು. ಗಣಿತ ಮತ್ತು ವಿಜ್ಞಾನದಲ್ಲಿ ಉಳಿದಿದ್ದ. ಫಲಿತಾಂಶ ಬರುವಾಗಲೇ ಅಪ್ಪನ ಜೊತೆ ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡದ ಕೆಲಸದಲ್ಲಿದ್ದ. ವಿಶೇಷ ತರಗತಿಗೆ ಬಾ ಎಂದು ಫೋನು ಮಾಡಿದೆ. ಅಪ್ಪ ಎತ್ತಿಕೊಂಡರು. ‘ಸರ್, ನೀವು ಹೇಳುವುದು ಸರಿಯೇ. ಮುಂಗಡ ತೀರುವವರೆಗೆ ಬಿಡುವ ಹಾಗಿಲ್ಲ. ಪರೀಕ್ಷೆಯ ದಿನ ಕಳಿಸುತ್ತೇನೆ’ ಎಂದರು. ಮಾತಿಗೆ ತಪ್ಪಲಿಲ್ಲ. ಹುಡುಗ ರಾತ್ರಿ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬಸ್ ನಿಲ್ದಾಣದ ನಲ್ಲಿಯಲ್ಲಿ ಮುಖ ತೊಳೆದು ನೇರವಾಗಿ ಕೇಂದ್ರಕ್ಕೆ ಬಂದ. ಬೆರಳ ಸಂದಿಯಲ್ಲಿ ಸಿಮೆಂಟು ಹಾಗೆಯೇ ಇತ್ತು. ಬರೆದ. ಫೇಲಾದ. ಪರೀಕ್ಷೆ-3ಕ್ಕೆ ಬರಲಿಲ್ಲ.

ಶೂನ್ಯ ಫಲಿತಾಂಶದ ಶಾಲೆಗಳ ಬಗ್ಗೆ ಆ ದಿನಗಳಲ್ಲಿ ಬಹಳ ಗದ್ದಲವಾಯಿತು. ಅಂಥ ಶಾಲೆಗಳು 78. ಅವುಗಳಲ್ಲಿ ಸರ್ಕಾರಿಯವು ಮೂರೇ, ಉಳಿದವು ಅನುದಾನಿತ ಮತ್ತು ಖಾಸಗಿ. ಒಟ್ಟಾರೆ ಸರ್ಕಾರಿ ಶಾಲೆಗಳ ಫಲಿತಾಂಶ ಅನುದಾನಿತ ಶಾಲೆಗಳಿಗಿಂತ ಕೂದಲೆಳೆಯಷ್ಟು ಮೇಲೆಯೇ ಇತ್ತು. ಗ್ರಾಮಾಂತರ ಭಾಗ ನಗರಕ್ಕಿಂತ ಮುಂದಿತ್ತು. 625ಕ್ಕೆ 625 ತೆಗೆದು ರಾಜ್ಯಕ್ಕೆ ಮೊದಲಿಗಳಾದದ್ದು ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ರೈತನ ಮಗಳು. ಸರ್ಕಾರದ ಶಾಲೆಯೇ. ಆದರೆ ಅಲ್ಲಿ ಹಾಸ್ಟೆಲ್ ಇದೆ, ಪ್ರವೇಶಕ್ಕೆ ಮುನ್ನ ಆಯ್ಕೆ ಪರೀಕ್ಷೆ ಇದೆ. ತೊಗರಿ ರಾಶಿಯ ದಿನ ಮಗು ಶಾಲೆಯಲ್ಲಿಯೇ ಇರುತ್ತದೆ. ನಮ್ಮ ಮಕ್ಕಳಿಗೂ ಅವಳಿಗೂ ಇರುವ ವ್ಯತ್ಯಾಸದ ದೊಡ್ಡ ಪಾಲು ಅದು ಎಂದು ನನಗೆ ಅನ್ನಿಸುತ್ತದೆ. ಕರಾವಳಿಯ ಮಾತೂ ಅಷ್ಟೇ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ರ ಮೇಲೆ, ಯಾದಗಿರಿಯದು ಶೇ 52 ಮುಟ್ಟಿಲ್ಲ. ಅಲ್ಲಿ ಪರೀಕ್ಷೆ ಬರೆಯುವುದು ಓದಿದವರ ಮಗು. ಇಲ್ಲಿ ಅನೇಕ ಮನೆಗಳಲ್ಲಿ ಪ್ರವೇಶಪತ್ರವನ್ನು ತಿರುಗುಮುರುಗು ಹಿಡಿದು ನೋಡಿ ‘ಇದೇ ಏನು ಸರ್?’ ಎಂದು ಕೇಳುತ್ತಾರೆ.

2025ರಲ್ಲಿ ಕ್ಯಾಮೆರಾ ಉಳಿಯಿತು, ಹೆಚ್ಚುವರಿ ಕೃಪಾಂಕ ಹೋಯಿತು. ಫಲಿತಾಂಶ ಶೇ 62.34. ದಕ್ಷಿಣ ಕನ್ನಡ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ. ಮತ್ತೆ ಹನ್ನೊಂದು ಅಂಶದ ಕುಸಿತ ಎಂದು ಎಲ್ಲೆಡೆ ಬಂತು. ನನ್ನ ವಿಷಯ ಗಣಿತವಾದ್ದರಿಂದ ಇಲ್ಲಿ ಜಗಳವಾಡದೆ ಬಿಡಲಾರೆ. ಕೃಪಾಂಕ ಸೇರಿಸಿದ 73ರ ಜೊತೆ ಕೃಪಾಂಕವಿಲ್ಲದ 62ನ್ನು ಹೋಲಿಸುವುದು ಸಿಪ್ಪೆ ಸಮೇತ ತೂಗಿದ ಶೇಂಗಾದ ಜೊತೆ ಬರೀ ಬೀಜ ತೂಗಿದ ಹಾಗೆ. ಬೀಜಕ್ಕೆ ಬೀಜ ಹೋಲಿಸಿದರೆ 53–54 ಇದ್ದದ್ದು 62 ಆಗಿದೆ. ಅದು ಏರಿಕೆ. ಅಷ್ಟೇನೂ ಸಣ್ಣ ಏರಿಕೆಯಲ್ಲ. ಆ ವರ್ಷ ರಾಜ್ಯದ ಮಕ್ಕಳು ಮತ್ತು ಶಿಕ್ಷಕರು ಮಾಡಿದ ಪ್ರಾಮಾಣಿಕ ಕೆಲಸಕ್ಕೆ ಸಿಕ್ಕ ಪ್ರತಿಫಲ ‘ಕುಸಿತ’ ಎಂಬ ತಲೆಬರಹ. ಆಮೇಲೆ 2025ರ ಅಕ್ಟೋಬರ್‌ನಲ್ಲಿ ಪಾಸಿಗೆ ಬೇಕಾದ ಅಂಕವನ್ನೇ ಶೇ 33ಕ್ಕೆ ಇಳಿಸುವ ತೀರ್ಮಾನ ಬಂತು, ವಿಷಯವೊಂದಕ್ಕೆ ಕನಿಷ್ಠ 30. ಬೇರೆ ಬೋರ್ಡುಗಳಲ್ಲೂ 33 ಇದೆ ಎಂಬ ವಾದದಲ್ಲಿ ಹುರುಳಿದೆ. ನಮ್ಮ ಹುಡುಗನ ಭಾಗಾಕಾರದಲ್ಲಿ ಕಾಣೆಯಾದ ಸೊನ್ನೆ ಮಾತ್ರ ಅದರಿಂದ ವಾಪಸು ಬರುವುದಿಲ್ಲ.

ನಮ್ಮ ಶಾಲೆಯಲ್ಲಿ ಬದಲಾದದ್ದು ಒಂದು ಸಣ್ಣ ಸಂಗತಿ. ವಿಶೇಷ ತರಗತಿಯನ್ನು ಹತ್ತನೆಯವರಿಗೆ ಡಿಸೆಂಬರ್‌ನಲ್ಲಿ ಮಾಡುವ ಬದಲು ಎಂಟನೆಯವರಿಗೆ ಜೂನ್‌ನಲ್ಲಿ ಶುರು ಮಾಡಿದೆವು. ಪ್ರಾರ್ಥನೆಗೆ ಮುನ್ನ ಮುಕ್ಕಾಲು ಗಂಟೆ. ಒಂದು ದಿನ ಓದು, ಒಂದು ದಿನ ಲೆಕ್ಕ. ಪಠ್ಯಪುಸ್ತಕ ಬೇಡ, ಪ್ಯಾಕೇಜು ಬೇಡ. ಸೇತುಬಂಧದ ಹಾಳೆಗಳು ಬೀರುವಿನ ಮೇಲಿಂದ ಇಳಿದಿವೆ. ಮುಖ್ಯ ಶಿಕ್ಷಕರು ಒಪ್ಪಲು ಎರಡು ಸಭೆ ಹಿಡಿಯಿತು. ‘ಎಂಟನೆಯವರ ಫಲಿತಾಂಶವನ್ನು ಯಾರು ಕೇಳುತ್ತಾರೆ?’ ಎಂಬುದು ಅವರ ಪ್ರಶ್ನೆಯಾಗಿತ್ತು. ನಿಜ, ಯಾರೂ ಕೇಳುವುದಿಲ್ಲ. ಇದರಿಂದ ಫಲಿತಾಂಶ ಏರಿತು ಎಂದು ಹೇಳಲು ನನ್ನಲ್ಲಿ ಇನ್ನೂ ಅಂಕಿಯಿಲ್ಲ. ಈ ಮಕ್ಕಳು ಕ್ಯಾಮೆರಾದ ಮುಂದೆ ಕೂರಲು ಇನ್ನೂ ಕಾಲವಿದೆ.

ಫೇಲಾದವರು ಅದೇ ಶಾಲೆಗೆ ಮತ್ತೆ ಸೇರಬಹುದು ಎಂಬ ಆದೇಶವಾದ ಮೇಲೆ ಆ ಹುಡುಗನಿಗೆ ಇನ್ನೊಮ್ಮೆ ಫೋನು ಮಾಡಿದ್ದೆ. ಬರುವುದಿಲ್ಲ ಎಂದ. ಅವನ ತಂಗಿ ಈಗ ನಮ್ಮಲ್ಲಿ ಎಂಟನೆಯ ತರಗತಿ. ಈ ಜೂನ್‌ನಲ್ಲಿ ಹಲಗೆಯ ಮೇಲೆ ಅದೇ 816 ಬರೆದೆ. ಎಂಟೊಂದಲೆ ಎಂಟು ಎಂದು ಶುರು ಮಾಡಿ, ಒಂದು ಇಳಿಸಿ, ಸೀಮೆಸುಣ್ಣವನ್ನು ಗಾಳಿಯಲ್ಲಿ ಹಿಡಿದು ನಿಂತಳು. ‘ಒಂದರಲ್ಲಿ ಎಂಟು ಹೋಗುವುದಿಲ್ಲ ಸರ್. ಈಗ ಇಲ್ಲಿ ಏನು ಬರೆಯಬೇಕು?’ ಎಂದು ಕೇಳಿದಳು.

ಅವಳ ಅಣ್ಣ ಈ ಪ್ರಶ್ನೆ ಕೇಳಿರಲಿಲ್ಲ. ‘ನೀನೇ ಹೇಳು, ಎಷ್ಟು ಸಲ ಹೋಯಿತು?’ ಎಂದೆ.

‘ಒಂದು ಸಲವೂ ಇಲ್ಲ.’

‘ಹಾಗಾದರೆ ಅದನ್ನೇ ಬರಿ.’